ಎನ್‌ಬಿಎ ತಂಡದ ಸಂಬಳದ ಲೆಕ್ಕ: ಯಾರ ಸಹಿ ಮೊದಲು, ಯಾರದು ಆಮೇಲೆ?

ಜೂನ್ ಕೊನೆ ಬಂತೆಂದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವ ಹುಡುಗರೆಲ್ಲ ತಂಡ ಕಟ್ಟಲು ಕೂರುತ್ತಾರೆ. ಯಾರನ್ನು ಬಿಡಬೇಕು, ಯಾರನ್ನು ತರಬೇಕು, ಯಾರ ಬದಲಿಗೆ ಯಾರು ಎಂದು ಗ್ರೂಪುಗಳಲ್ಲಿ ರಾತ್ರಿಯಿಡೀ ಚರ್ಚೆ ನಡೆಯುತ್ತದೆ. ಆಟದ ಬಗ್ಗೆ ಅವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಎಡವುವುದು ಲೆಕ್ಕದಲ್ಲಿ. ಎಲ್ಲರ ಸಂಬಳ ಕೂಡಿಸಿ, ಸ್ಯಾಲರಿ ಕ್ಯಾಪ್‌ನಿಂದ (ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿ) ಕಳೆದು, ಉಳಿದಷ್ಟು ಖರ್ಚು ಮಾಡುತ್ತಾರೆ. ಏನೂ ಉಳಿಯದಿದ್ದರೆ ‘ಈ ವರ್ಷ ಏನೂ ಆಗಲ್ಲ’ ಎಂದು ಕೈಬಿಡುತ್ತಾರೆ. ಎರಡೂ ತಪ್ಪು.

ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಹಾಗೆ ಅನಿಸುವುದು ಸಹಜ. 2025ರ ಹರಾಜಿಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ ಇತ್ತು. ಆರ್‌ಸಿಬಿ ಕೊಹ್ಲಿಗೆ 21, ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಉಳಿಸಿಕೊಂಡಿತು. ಕೈಯಲ್ಲಿ 83 ಕೋಟಿ ಉಳಿಯಿತು. ಅದರ ಮೇಲೆ ಒಂದು ರೂಪಾಯಿಯೂ ಇಲ್ಲ. ಎನ್‌ಬಿಎಯಲ್ಲಿ ಮಿತಿ ದಾಟಬಹುದು. ಆದರೆ ಯಾವ ದಾರಿಯಲ್ಲಿ ದಾಟುತ್ತೀರಿ, ಯಾವ ಕೆಲಸ ಮುಗಿಸಿ ದಾಟುತ್ತೀರಿ ಎನ್ನುವುದು ಮುಖ್ಯ. ಅಷ್ಟೇ ದುಡ್ಡು, ಅದೇ ಆಟಗಾರರು ಇದ್ದರೂ ಸಹಿಗಳ ಕ್ರಮ ಬದಲಾದರೆ ಒಬ್ಬ ಸ್ಟಾರ್ ಆಟಗಾರ ಕೈತಪ್ಪಿ ಹೋಗುತ್ತಾನೆ.

1. ಮೊದಲು ನಾಲ್ಕು ಗೆರೆ ಹಾಕಿಕೊಳ್ಳಿ

ಕಾಗದದ ಮೇಲೆ ಅಡ್ಡಲಾಗಿ ನಾಲ್ಕು ಗೆರೆ ಎಳೆಯಿರಿ. 2024–25ರ ಲೆಕ್ಕದಲ್ಲಿ ಸ್ಯಾಲರಿ ಕ್ಯಾಪ್ 14.06 ಕೋಟಿ ಡಾಲರ್. ಲಕ್ಷುರಿ ಟ್ಯಾಕ್ಸ್, ಅಂದರೆ ಜಾಸ್ತಿ ಖರ್ಚು ಮಾಡುವ ತಂಡ ಲೀಗಿಗೆ ಕಟ್ಟುವ ದಂಡ, 17.08 ಕೋಟಿಗೆ ಶುರು. ಅದರ ಮೇಲೆ, ದಾಟಿದಂತೆ ನಿರ್ಬಂಧ ಬಿಗಿಯಾಗುವ ಎರಡು ಗೆರೆ: ಮೊದಲ ಏಪ್ರನ್ 17.81 ಕೋಟಿ, ಎರಡನೇ ಏಪ್ರನ್ 18.89 ಕೋಟಿ. ಕೆಳಗೆ ಬರುವ ಉದಾಹರಣೆ ಆ ವರ್ಷದ್ದೇ ಆದ್ದರಿಂದ ಈ ಅಂಕಿಗಳನ್ನೇ ಇಟ್ಟುಕೊಳ್ಳಿ.

2. ಕ್ಯಾಪ್ ಹೋಲ್ಡ್: ಎಲ್ಲರೂ ಎಡವುವ ಜಾಗ

ಇಲ್ಲಿ ನಿಧಾನವಾಗಿ ಓದಿ. ನಿಮ್ಮ ಆಟಗಾರನ ಒಪ್ಪಂದ ಮುಗಿಯಿತು ಅಂದುಕೊಳ್ಳಿ. ಅವನ ಹೆಸರು ನಿಮ್ಮ ಲೆಕ್ಕದಿಂದ ತಕ್ಷಣ ಅಳಿಸಿಹೋಗುವುದಿಲ್ಲ. ಅವನ ಹೆಸರಲ್ಲಿ ಒಂದು ಮೊತ್ತ ಕೂತಿರುತ್ತದೆ. ಅದೇ ಕ್ಯಾಪ್ ಹೋಲ್ಡ್. ಅವನು ಹೊಸ ಒಪ್ಪಂದಕ್ಕೆ ಸಹಿ ಹಾಕುವವರೆಗೆ, ಬೇರೆ ತಂಡಕ್ಕೆ ಹೋಗುವವರೆಗೆ, ಅಥವಾ ‘ನಮಗೆ ಬೇಡ’ ಎಂದು ನೀವೇ ಬರೆದುಕೊಡುವವರೆಗೆ ಅದು ಅಲ್ಲೇ ಇರುತ್ತದೆ.

ಹಳೆಯ ಸಂಬಳದ ಮೇಲೆ ಒಂದು ಗುಣಕ ಹಾಕಿ ಈ ಮೊತ್ತ ತೆಗೆಯುತ್ತಾರೆ. ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ) ಮೊದಲ ಸುತ್ತಿನಲ್ಲಿ ಬಂದ ಆಟಗಾರ ಆರಂಭದ ನಾಲ್ಕು ವರ್ಷದ ಒಪ್ಪಂದ ಮುಗಿಸಿದ್ದು, ಸಂಬಳ ಲೀಗಿನ ಸರಾಸರಿಗಿಂತ ಕಡಿಮೆ ಇದ್ದರೆ, ಹಳೆಯ ಸಂಬಳದ ಮೂರು ಪಟ್ಟು. ಮೂರು ಪಟ್ಟು ಅಂದಕೂಡಲೇ ಜಾಸ್ತಿ ಅನಿಸುತ್ತದೆ, ಅಲ್ವಾ? ಆದರೆ ಅವನಿಗೆ ಮುಂದೆ ಕೊಡಬೇಕಾದ ಸಂಬಳದ ಮುಂದೆ ಅದು ಎಷ್ಟೋ ಕಡಿಮೆ ಇರಬಹುದು. ಆ ವ್ಯತ್ಯಾಸವೇ ಹೊಸಬನನ್ನು ತರಲು ಕ್ಯಾಪ್‌ನಲ್ಲಿ ನಿಮಗೆ ಸಿಗುವ ಜಾಗ.

2024ರ ಬೇಸಿಗೆಯ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡವನ್ನೇ ನೋಡಿ. ಟೈರೀಸ್ ಮ್ಯಾಕ್ಸಿ ಆಗ ತಾನೇ ‘ಹೆಚ್ಚು ಸುಧಾರಿಸಿದ ಆಟಗಾರ’ ಪ್ರಶಸ್ತಿ ಗೆದ್ದಿದ್ದ. ಅವನಿಗೆ ನಿಯಮ ಬಿಡುವ ಗರಿಷ್ಠ ಸಂಬಳ ಕೊಡಲೇಬೇಕು ಎಂದು ಎಲ್ಲರಿಗೂ ಗೊತ್ತಿತ್ತು. ಒಂದು ವರ್ಷ ಮೊದಲೇ ಒಪ್ಪಂದ ವಿಸ್ತರಿಸುವ ಅವಕಾಶವಿತ್ತು. ತಂಡ ಬೇಕೆಂದೇ ಅದನ್ನು ಮುಂದೂಡಿತು. ಆಗ ಅದನ್ನು ಜಿಪುಣತನ ಅಂದವರಿದ್ದರು. ಲೆಕ್ಕ ಹಾಕಿದರೆ ಅವರು ಯಾಕೆ ಕಾದರು ಎಂದು ಗೊತ್ತಾಗುತ್ತದೆ.

ಮ್ಯಾಕ್ಸಿಯ ಹಳೆಯ ಸಂಬಳ 43.4 ಲಕ್ಷ ಡಾಲರ್. ಮೂರು ಪಟ್ಟು ಅಂದರೆ ಹೋಲ್ಡ್ 1.30 ಕೋಟಿ. ಅವನಿಗೆ ಕೊಡಬೇಕಿದ್ದ ಹೊಸ ಸಂಬಳ ಕ್ಯಾಪ್‌ನ ಶೇ 25, ಅಂದರೆ 3.51 ಕೋಟಿ. ತಂಡದ ಸ್ಟಾರ್ ಜೋಯೆಲ್ ಎಂಬೀಡ್ ಸಂಬಳ 5.14 ಕೋಟಿ. ತರಬೇಕಿದ್ದವನು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ನಿಂದ ಹೊರಬಂದಿದ್ದ ಪಾಲ್ ಜಾರ್ಜ್. ಹತ್ತು ವರ್ಷಕ್ಕಿಂತ ಜಾಸ್ತಿ ಆಡಿದವನಾದ್ದರಿಂದ ಅವನ ಗರಿಷ್ಠ ಶೇ 35, ಅಂದರೆ 4.92 ಕೋಟಿ. ಇನ್ನೊಂದು ಬಾಬ್ತು ಮರೆಯಬೇಡಿ. ಪಟ್ಟಿಯಲ್ಲಿ 12 ಹೆಸರು ಇಲ್ಲದಿದ್ದರೆ ಪ್ರತಿ ಖಾಲಿ ಜಾಗಕ್ಕೂ 11.57 ಲಕ್ಷ ಸೇರುತ್ತದೆ. ಮೂವರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಒಂಬತ್ತು ಜಾಗ ಖಾಲಿ, ಅಂದರೆ 1.04 ಕೋಟಿ.

ಈಗ ಎರಡು ರೀತಿಯಲ್ಲಿ ಕೂಡಿಸಿ ನೋಡಿ.

ಮ್ಯಾಕ್ಸಿಗೆ ಮೊದಲು ಸಹಿ ಹಾಕಿಸಿದರೆ: ಎಂಬೀಡ್ 5.14, ಮ್ಯಾಕ್ಸಿ 3.51, ಖಾಲಿ ಜಾಗ 1.04, ಜಾರ್ಜ್ 4.92. ಒಟ್ಟು 14.61 ಕೋಟಿ. ಕ್ಯಾಪ್ 14.06. ಜಾರ್ಜ್‌ಗೆ ಪೂರ್ತಿ ಸಂಬಳ ಕೊಡಲು 55 ಲಕ್ಷ ಕಡಿಮೆ. ಬೆಂಚಿಗೆ ಯಾರನ್ನಾದರೂ ತರುವ ಮಾತೇ ಇಲ್ಲ.

ಮ್ಯಾಕ್ಸಿಯನ್ನು ಕಾಯಿಸಿದರೆ: 5.14, ಹೋಲ್ಡ್ 1.30, ಖಾಲಿ ಜಾಗ 1.04, ಜಾರ್ಜ್ 4.92. ಒಟ್ಟು 12.40. ಇನ್ನೂ 1.66 ಕೋಟಿ ಉಳಿಯಿತು.

ಡ್ರಾಫ್ಟಿನಿಂದ ಬಂದವರ ಸಣ್ಣ ಸಂಬಳಗಳನ್ನು ಇಲ್ಲಿ ಬಿಟ್ಟಿದ್ದೇನೆ. ಲೆಕ್ಕದ ಜೀವ ಇಷ್ಟೇ. ತಂಡ ಮಾಡಿದ್ದೂ ಇದನ್ನೇ. ನಾಲ್ಕು ವರ್ಷಕ್ಕೆ 21.2 ಕೋಟಿ ಎಂದು ಜಾರ್ಜ್ ಜೊತೆ ಒಪ್ಪಂದವಾಯಿತು. ಕ್ಯಾಪ್ ಒಳಗಿನ ಖರೀದಿ ಮುಗಿಸಿ, ಮ್ಯಾಕ್ಸಿಯ ಐದು ವರ್ಷದ 20.4 ಕೋಟಿ ಒಪ್ಪಂದವನ್ನು ಕ್ಯಾಪ್ ದಾಟಿ ಬರೆಸಿಕೊಂಡರು. ಸ್ವಂತ ಆಟಗಾರನಿಗೆ ಕ್ಯಾಪ್ ದಾಟಿ ಕೊಡುವ ಹಕ್ಕು ಅವರಿಗಿತ್ತು. ಹೊರಗಿನವನಿಗೆ ಆ ರಿಯಾಯಿತಿ ಇಲ್ಲ. ಹಾಗಾಗಿ ಹೊರಗಿನವನು ಮೊದಲು, ನಮ್ಮವನು ಆಮೇಲೆ. ಇದನ್ನು ಕಾಗದದ ಮೇಲ್ಭಾಗದಲ್ಲಿ ದೊಡ್ಡದಾಗಿ ಬರೆದಿಡಿ.

ಆ ತಂಡ 2024–25ರಲ್ಲಿ 24 ಪಂದ್ಯ ಗೆದ್ದು 58 ಸೋತಿತು. ಎಂಬೀಡ್ ಆಡಿದ್ದು 19 ಪಂದ್ಯ, ಜಾರ್ಜ್ 41. ಮೊಣಕಾಲು ಕೈಕೊಟ್ಟರೆ ಯಾವ ಲೆಕ್ಕವೂ ಉಳಿಸುವುದಿಲ್ಲ. ಆದರೂ ಆ ಬೇಸಿಗೆಯ ಲೆಕ್ಕ ಸರಿಯಾಗಿಯೇ ಇತ್ತು. ಸೋತ ತಂಡ ಎಂದು ಅದನ್ನು ಪಾಠದಿಂದ ತೆಗೆದುಹಾಕುವುದು ನನಗೆ ಒಪ್ಪಿಗೆಯಿಲ್ಲ.

ಕಾಯಿಸುವಾಗ ಒಂದು ಎಚ್ಚರ ಬೇಕು. ಆಟಗಾರ ಒಪ್ಪಿರಬೇಕು. ಮ್ಯಾಕ್ಸಿ ಒಂದು ವರ್ಷ ಒಪ್ಪಂದದ ಭದ್ರತೆ ಇಲ್ಲದೆ ಆಡಿದ. ಗಾಯವಾಗಿದ್ದರೆ ಕಷ್ಟ ಅವನದ್ದು. ಇಂಥ ಆಟಗಾರನ ಜೊತೆ ಮುಚ್ಚುಮರೆ ಇಲ್ಲದೆ ಮಾತಾಡಿಕೊಂಡಿರಬೇಕು. ಬಾಯಿಮಾತಿಗೆ ಬೆಲೆ ಎಷ್ಟು ಎಂಬುದಕ್ಕೆ 2015ರ ಡಿಆಂಡ್ರೆ ಜೋರ್ಡನ್ ಪ್ರಕರಣ ಇದೆ. ಡಲ್ಲಾಸ್‌ಗೆ ಬರುತ್ತೇನೆ ಎಂದು ಮಾತು ಕೊಟ್ಟವನು, ಸಹಿ ಹಾಕುವ ದಿನ ಬರುವಷ್ಟರಲ್ಲಿ ಕ್ಲಿಪ್ಪರ್ಸ್‌ಗೇ ವಾಪಸ್ ಹೋದ. ಜುಲೈ ಆರಂಭದ ಆ ಕೆಲವು ದಿನ ದೊಡ್ಡ ಒಪ್ಪಂದಗಳಿಗೆ ಸಹಿ ಹಾಕುವಂತಿಲ್ಲ, ಎಲ್ಲವೂ ಮಾತಿನ ಮೇಲೆ ನಿಂತಿರುತ್ತದೆ.

ಇನ್ನು, ‘ಬೇಡ’ ಎಂದು ಬರೆದುಕೊಡುವ ಕೆಲಸವನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ಮೊದಲ ದಿನವೇ ಎಲ್ಲರನ್ನೂ ಅಳಿಸಿ ‘ಜಾಗ ಮಾಡಿದೆ’ ಅನ್ನುವವರನ್ನು ಎಷ್ಟೋ ನೋಡಿದ್ದೇನೆ. ಹೋಲ್ಡ್ ಅಳಿಸಿದರೆ ಕ್ಯಾಪ್ ದಾಟಿ ಕೊಡುವ ಹಕ್ಕೂ ಹೋಗುತ್ತದೆ. ಹೊಸಬನ ಪೆನ್ನು ಕಾಗದ ಮುಟ್ಟುವ ಹೊತ್ತಿಗೆ ಅಳಿಸಿದರೆ ಸಾಕು.

ಮೊಬೈಲಿನ ಮ್ಯಾನೇಜರ್ ಆಟಗಳಲ್ಲಿ ಕಲಿತರಾಯಿತು ಅನ್ನುವವರಿಗೆ ಒಂದು ಮಾತು. ನಾನು ನೋಡಿದ ಕೆಲವು ಆಟಗಳಲ್ಲಿ ಹೋಲ್ಡ್ ಅನ್ನುವುದೇ ಇಲ್ಲ. ಒಪ್ಪಂದ ಮುಗಿದ ಕೂಡಲೇ ಸಂಬಳ ಮಾಯ. ಅವುಗಳಲ್ಲಿ ಅಭ್ಯಾಸ ಮಾಡಿದರೆ ಕೈ ಕೆಡುತ್ತದೆ. ಒಂದು ಸ್ಪ್ರೆಡ್‌ಶೀಟ್ ಸಾಕು.

3. ಆಟಗಾರ ಎಷ್ಟು ವರ್ಷದಿಂದ ಇದ್ದಾನೆ, ಎಣಿಸಿ

ಸ್ವಂತ ಆಟಗಾರನಿಗೆ ಕ್ಯಾಪ್ ದಾಟಿ ಕೊಡುವ ಈ ಹಕ್ಕನ್ನು ಬಾಸ್ಟನ್‌ನ ಲ್ಯಾರಿ ಬರ್ಡ್ ಹೆಸರಿಂದ ಬರ್ಡ್ ಹಕ್ಕು ಅನ್ನುತ್ತಾರೆ. ಮೂರು ವರ್ಷ ಆಗಿದ್ದರೆ ಗರಿಷ್ಠದವರೆಗೆ ಕೊಡಬಹುದು. ಎರಡು ವರ್ಷವಾದರೆ ಹಳೆಯ ಸಂಬಳದ ಶೇ 175, ಅಥವಾ ಲೀಗಿನ ಸರಾಸರಿಗಿಂತ ಸ್ವಲ್ಪ ಮೇಲೆ, ಯಾವುದು ಜಾಸ್ತಿಯೋ ಅದು. ಒಂದೇ ವರ್ಷವಾದರೆ ಶೇ 120 ಅಷ್ಟೇ.

ಬ್ರೂಸ್ ಬ್ರೌನ್ ಡೆನ್ವರ್ ತಂಡದಲ್ಲಿ ಒಂದೇ ವರ್ಷ ಇದ್ದ. ಸಂಬಳ ಸುಮಾರು 65 ಲಕ್ಷ. 2023ರಲ್ಲಿ ಡೆನ್ವರ್ ಚಾಂಪಿಯನ್ ಆಯಿತು, ಬ್ರೌನ್ ಬೆಲೆ ಏರಿತು. ಡೆನ್ವರ್ ಈ ಹಕ್ಕಿನಡಿ ಕೊಡಬಹುದಾಗಿದ್ದು ಸುಮಾರು 78 ಲಕ್ಷ. ಇಂಡಿಯಾನಾ ಎರಡು ವರ್ಷಕ್ಕೆ 4.5 ಕೋಟಿ ಕೊಟ್ಟಿತು. ಡೆನ್ವರ್ ಮಾಲೀಕರು ಎಷ್ಟೇ ದುಡ್ಡು ಸುರಿಯಲು ಸಿದ್ಧರಿದ್ದರೂ ನಿಯಮ ಬಿಡುತ್ತಿರಲಿಲ್ಲ. ಆದ್ದರಿಂದ ಒಳ್ಳೆಯ ಆಟಗಾರನಿಗೆ ಒಂದು ವರ್ಷದ ಅಗ್ಗದ ಒಪ್ಪಂದ ಕೊಟ್ಟಾಗ ಖುಷಿಪಡಬೇಡಿ. ಎರಡಾದರೂ ವರ್ಷಕ್ಕೆ ಕಟ್ಟಿಹಾಕಿ.

4. ಟ್ರೇಡ್: ಸಂಬಳವೂ ಒಂದು ಸರಕು

ಕ್ಯಾಪ್ ಮೇಲಿರುವ ತಂಡ ಟ್ರೇಡ್ (ತಂಡಗಳ ನಡುವೆ ಆಟಗಾರರ ಅದಲುಬದಲು) ಮಾಡುವಾಗ ಕಳಿಸುವ ಸಂಬಳಕ್ಕೂ ಬರುವ ಸಂಬಳಕ್ಕೂ ತಾಳೆ ಇರಬೇಕು. 2024–25ರಲ್ಲಿ ಏಪ್ರನ್ ಕೆಳಗಿದ್ದ ತಂಡ 2 ಕೋಟಿ ಕಳಿಸಿದರೆ ಸುಮಾರು 2.77 ಕೋಟಿವರೆಗೆ ತರಬಹುದಿತ್ತು. ಮೊದಲ ಏಪ್ರನ್ ದಾಟಿದವರಿಗೆ ಕಳಿಸಿದಷ್ಟೇ, ಅದಕ್ಕಿಂತ ಜಾಸ್ತಿ ಇಲ್ಲ.

ಮತ್ತೆ ಬ್ರೌನ್ ಕಡೆ ಬನ್ನಿ. ಇಂಡಿಯಾನಾ ಅವನಿಗೆ ಕೊಟ್ಟಿದ್ದು ಜಾಸ್ತಿ ಆಯಿತು ಎಂದು ಹೇಳಿದವರು ಒಪ್ಪಂದದ ಆಕಾರ ನೋಡಿರಲಿಲ್ಲ. ಎರಡನೇ ವರ್ಷ ಉಳಿಸಿಕೊಳ್ಳುವ, ಬಿಡುವ ಆಯ್ಕೆ ತಂಡದ್ದೇ. ವರ್ಷಕ್ಕೆ ಸುಮಾರು 2.2 ಕೋಟಿಯ ಒಂದು ಸಂಬಳ ಕೈಯಲ್ಲಿ ಸಿದ್ಧವಾಗಿತ್ತು. 2024ರ ಜನವರಿಯಲ್ಲಿ ಅದನ್ನೇ ಮುಂದಿಟ್ಟು, ಮೂರು ಮೊದಲ ಸುತ್ತಿನ ಡ್ರಾಫ್ಟ್ ಅವಕಾಶ ಸೇರಿಸಿ, ಟೊರಾಂಟೊದಿಂದ ಪ್ಯಾಸ್ಕಲ್ ಸಿಯಾಕಂನನ್ನು ತಂದರು. ಸಿಯಾಕಂನ ಒಪ್ಪಂದ ಆರು ತಿಂಗಳಲ್ಲಿ ಮುಗಿಯುವುದಿತ್ತು. ಆದರೆ ಬರ್ಡ್ ಹಕ್ಕು ಆಟಗಾರನ ಜೊತೆಗೇ ಬರುತ್ತದೆ. ಟೊರಾಂಟೊದಲ್ಲಿ ಕಳೆದ ವರ್ಷಗಳು ಇಂಡಿಯಾನಾ ಲೆಕ್ಕಕ್ಕೂ ಬಂದವು. ಬೇಸಿಗೆಯಲ್ಲಿ ನಾಲ್ಕು ವರ್ಷಕ್ಕೆ ಉಳಿಸಿಕೊಂಡರು. 2025ರಲ್ಲಿ ಇಂಡಿಯಾನಾ ಫೈನಲ್ ತಲುಪಿ, ಒಕ್ಲಹೋಮ ಸಿಟಿ ಎದುರು ಏಳನೇ ಪಂದ್ಯದವರೆಗೆ ಆಡಿತು.

ನನ್ನ ತಂಡದಲ್ಲಿ ಇಂಥ ಮಧ್ಯಮ ಗಾತ್ರದ ಸಂಬಳ ಸದಾ ಒಂದಾದರೂ ಇರಲೇಬೇಕು. ಮೂರು ಗರಿಷ್ಠ ಸಂಬಳ, ಉಳಿದವರೆಲ್ಲ ಕನಿಷ್ಠ ಸಂಬಳದವರು ಅಂದರೆ ಟ್ರೇಡ್ ಮಾಡಲು ಕೈಯಲ್ಲಿ ಏನೂ ಇರುವುದಿಲ್ಲ.

5. ಏಪ್ರನ್ ಹತ್ತಿರ ಸುಳಿಯುವ ಮುನ್ನ

ಎರಡನೇ ಏಪ್ರನ್ ದಾಟಿದರೆ ಹಲವು ಬಾಗಿಲು ಒಟ್ಟಿಗೆ ಮುಚ್ಚುತ್ತವೆ. ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ. ಟ್ರೇಡಿನಲ್ಲಿ ನಗದು ಕಳಿಸುವಂತಿಲ್ಲ. ಏಳು ವರ್ಷ ಮುಂದಿನ ಮೊದಲ ಸುತ್ತಿನ ಡ್ರಾಫ್ಟ್ ಅವಕಾಶ ಟ್ರೇಡಿಗೆ ಸಿಗದಂತೆ ಮುಚ್ಚಿಹೋಗುತ್ತದೆ. ಆದರೆ ಒಬ್ಬನನ್ನು ಕೊಟ್ಟು ಇಬ್ಬರನ್ನು ತರಬಹುದು. 2024ರ ಅಕ್ಟೋಬರ್‌ನಲ್ಲಿ ಮಿನೆಸೋಟ ಕಾರ್ಲ್-ಆಂಥನಿ ಟೌನ್ಸ್‌ನನ್ನು ನ್ಯೂಯಾರ್ಕ್‌ಗೆ ಕಳಿಸಿ ಜೂಲಿಯಸ್ ರ‍್ಯಾಂಡಲ್, ಡಾಂಟೆ ಡಿವಿಂಚೆಂಜೊ ಇಬ್ಬರನ್ನು ತಂದಿದ್ದು ಹೀಗೆಯೇ.

ಕೆಳಗಿರುವ ತಂಡಗಳೂ ತಿಳಿಯದೆ ಸಿಕ್ಕಿಬೀಳುತ್ತವೆ. ಮಿಡ್‌ಲೆವೆಲ್ (ಕ್ಯಾಪ್ ದಾಟಿದ ತಂಡವೂ ಹೊರಗಿನವನಿಗೆ ಕೊಡಬಹುದಾದ ಸೀಮಿತ ಮೊತ್ತ, 2024–25ರಲ್ಲಿ 1.28 ಕೋಟಿ) ಪೂರ್ತಿ ಬಳಸಿದರೆ, ಅಥವಾ ಸೈನ್ ಆ್ಯಂಡ್ ಟ್ರೇಡ್‌ನಲ್ಲಿ (ಹಳೆಯ ತಂಡ ಸಹಿ ಹಾಕಿಸಿ ಕೂಡಲೇ ಟ್ರೇಡ್ ಮಾಡುವುದು) ಆಟಗಾರನನ್ನು ತಂದರೆ, ಮುಂದಿನ ಜೂನ್ 30ರವರೆಗೆ ಮೊದಲ ಏಪ್ರನ್ ನಿಮಗೆ ಗೋಡೆ. ಒಂದು ಡಾಲರ್ ಕೂಡ ದಾಟುವಂತಿಲ್ಲ. ಜುಲೈಯಲ್ಲಿ ಸುಮ್ನೆ ಒಂದು ಸಹಿ ಹಾಕಿಸಿ, ಫೆಬ್ರವರಿಯಲ್ಲಿ ಗಾಯಾಳು ಬದಲಿಗೆ ಒಬ್ಬನನ್ನೂ ತರಲಾಗದೆ ಒದ್ದಾಡುವುದು ಇದರಿಂದಲೇ.

6. ಕನಿಷ್ಠ ಸಂಬಳದವರಿಂದ ಉಳಿದ ಜಾಗ ತುಂಬಿ.

7. ಕೆಟ್ಟ ಒಪ್ಪಂದದಿಂದ ಹೊರಬರುವ ಅಡ್ಡದಾರಿ

‘ಸ್ಟ್ರೆಚ್ ಮಾಡಿಬಿಡಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಆಟಗಾರನನ್ನು ಬಿಟ್ಟು, ಬಾಕಿ ಸಂಬಳವನ್ನು ಉಳಿದ ವರ್ಷಗಳ ಎರಡು ಪಟ್ಟಿಗೆ ಒಂದು ಸೇರಿಸಿ ಅಷ್ಟು ವರ್ಷಕ್ಕೆ ಹಂಚುವುದು ಈ ನಿಯಮ. 2025ರ ಜುಲೈಯಲ್ಲಿ ಫೀನಿಕ್ಸ್ ಬ್ರ್ಯಾಡ್ಲಿ ಬೀಲ್‌ಗೆ ಹೀಗೆ ಮಾಡಿತು. ಎರಡು ವರ್ಷ ಬಾಕಿ ಇತ್ತು, ಐದು ವರ್ಷಕ್ಕೆ ಹರಡಿತು. ಏಪ್ರನ್ ಕೆಳಗೆ ಇಳಿದರು ನಿಜ. ಆದರೆ ಬೇರೆ ತಂಡಕ್ಕೆ ಆಡುವವನ ಹೆಸರಲ್ಲಿ 2029–30ರವರೆಗೆ ವರ್ಷಕ್ಕೆ 1.9 ಕೋಟಿಗಿಂತ ಜಾಸ್ತಿ ಅವರ ಲೆಕ್ಕದಲ್ಲಿ ಕೂತಿರುತ್ತದೆ. ಸಂಬಳ ಸಣ್ಣದಿದ್ದು, ಒಂದೇ ವರ್ಷ ಬಾಕಿ ಇದ್ದರೆ ಮಾತ್ರ ಸ್ಟ್ರೆಚ್ ಮಾಡಿ. ಉಳಿದಂತೆ ಅದರ ಹತ್ತಿರ ಹೋಗಬೇಡಿ. ಒಪ್ಪಂದ ಮುಗಿಯುವ ವರ್ಷದವರೆಗೆ ಹಲ್ಲು ಕಚ್ಚಿ ಇಟ್ಟುಕೊಂಡರೆ ಅದೇ ಸಂಬಳ ಟ್ರೇಡಿಗೆ ಸರಕಾಗುತ್ತದೆ.

ಇದೇ ಹಾಳೆಯಲ್ಲಿ 2025–26ರ ತಂಡ ಕೂಡಿಸುವವರು ಮೇಲಿನ ನಾಲ್ಕು ಗೆರೆಗಳನ್ನು ಅಳಿಸಿ ಇವನ್ನು ಹಾಕಿಕೊಳ್ಳಿ: ಕ್ಯಾಪ್ 15.46 ಕೋಟಿ, ಟ್ಯಾಕ್ಸ್ 18.79, ಮೊದಲ ಏಪ್ರನ್ 19.59, ಎರಡನೆಯದು 20.78. ಗರಿಷ್ಠ ಸಂಬಳದ ಶೇಕಡಾವಾರು ಹಾಗೇ ಇರುತ್ತದೆ, ಮೊತ್ತ ಮಾತ್ರ ಹೊಸ ಕ್ಯಾಪ್ ಮೇಲೆ ತೆಗೆಯಬೇಕು. ಹೋಲ್ಡ್‌ಗಳನ್ನು ಸಂಬಳದ ಕಾಲಂನಲ್ಲಿ ಬೆರೆಸಬೇಡಿ, ಪಕ್ಕದಲ್ಲಿ ಬೇರೆಯೇ ಇಟ್ಟು, ಕ್ಯಾಪ್ ಲೆಕ್ಕ ಹಾಕುವಾಗ ಎರಡನ್ನೂ ಕೂಡಿಸಿ.