ಟೋಫು ಕಟ್ಟುವಾಗ ನಾನು ನೋಡುವುದು ತಿಳಿನೀರಿನ ಬಣ್ಣ

ಟೋಫು ಅಂದರೆ ಸೋಯಾ ಕಾಳಿನ ಹಾಲನ್ನು ಒಡೆಸಿ, ಆ ಗರಣೆಯನ್ನು ಒತ್ತಿ ಕಟ್ಟಿದ, ಪನೀರಿನಂಥ ಗಟ್ಟಿ. ಮೊದಲ ನಾಲ್ಕು ಸಲವೂ ನನ್ನ ಟೋಫು ಕೆಟ್ಟಿತು. ಒಮ್ಮೆ ಪುಡಿಪುಡಿಯಾಯಿತು, ಒಮ್ಮೆ ಕಹಿಯಾಯಿತು, ಒಮ್ಮೆ ಹಸಿ ವಾಸನೆ ಹೋಗಲೇ ಇಲ್ಲ, ಇನ್ನೊಮ್ಮೆ ಹಾಲು ಅರ್ಧವಷ್ಟೇ ಒಡೆದು ಉಳಿದದ್ದೆಲ್ಲ ಬಟ್ಟೆಯಿಂದ ಸೋರಿ ಹೋಯಿತು. ಪ್ರತಿ ಸಲವೂ ತಪ್ಪು ಭಾರ ಇಡುವುದರಲ್ಲಿದೆ ಅಂದುಕೊಂಡು ಕಲ್ಲು ಬದಲಾಯಿಸುತ್ತಿದ್ದೆ, ಡಬ್ಬಿ ಬದಲಾಯಿಸುತ್ತಿದ್ದೆ. ಐದನೆಯ ಸಲ ಗರಣೆಯನ್ನು ಬಿಟ್ಟು ಅದರ ಸುತ್ತ ನಿಂತ ನೀರನ್ನು ನೋಡಲು ಶುರು ಮಾಡಿದೆ. ಅಲ್ಲಿಂದ ಕೈ ಕೂಡಿ ಬಂತು. ಭಾರ ಇಡುವ ಹೊತ್ತಿಗೆ ಟೋಫುವಿನ ಹಣೆಬರಹ ಆಗಲೇ ಬರೆದಾಗಿರುತ್ತದೆ. ಅದು ನಿರ್ಧಾರವಾಗುವುದು ಹಾಲು ಕುದಿಯುವಾಗ ಮತ್ತು ಹಾಲು ಒಡೆಯುವಾಗ.

ನನ್ನ ಅಳತೆ ಹೀಗೆ: 250 ಗ್ರಾಂ ಒಣ ಸೋಯಾ ಕಾಳಿಗೆ ಒಟ್ಟು 2 ಲೀಟರ್ ನೀರು. ಕಾಳು ಆದಷ್ಟು ಹೊಸ ಬೆಳೆಯದ್ದಾಗಿರಲಿ. ಹಳೆಯ ಕಾಳು ಸರಿಯಾಗಿ ನೆನೆಯುವುದೂ ಇಲ್ಲ, ಹಾಲನ್ನೂ ಬಿಡುವುದಿಲ್ಲ. ಸೆಕೆಯಿದ್ದರೆ 8 ಗಂಟೆ, ಚಳಿಯಿದ್ದರೆ 12 ಗಂಟೆ ನೆನೆಸುತ್ತೇನೆ. ಗಡಿಯಾರಕ್ಕಿಂತ ಕಾಳನ್ನೇ ಕೇಳುವುದು ಒಳ್ಳೆಯದು. ಒಂದು ಕಾಳನ್ನು ಉಗುರಿನಿಂದ ಎರಡು ಹೋಳು ಮಾಡಿ ಒಳಮೈ ನೋಡಿ. ಅದು ಸಪಾಟಾಗಿ ಒಂದೇ ಬಣ್ಣದಲ್ಲಿದ್ದರೆ ನೆನೆದಿದೆ. ನಡುವೆ ಹಳ್ಳ ಬಿದ್ದು ಗಾಢ ಹಳದಿ ಕಂಡರೆ ಇನ್ನೂ ಹೊತ್ತು ಬೇಕು. ಚೆನ್ನಾಗಿ ನೆನೆದ ಕಾಳು 550 ಗ್ರಾಂ ಆಸುಪಾಸು ತೂಗುತ್ತದೆ. ನೆನೆಸಿದ ನೀರನ್ನು ಚೆಲ್ಲಿ, ಕಾಳನ್ನು ಎರಡು ಸಲ ತೊಳೆಯುತ್ತೇನೆ.

ಸೋಯಾ ಅಂದರೆ ಮೂಗು ಮುರಿಯುವವರು ಹೇಳುವ ಆ ಹಸಿ ವಾಸನೆ ಕಾಳಿನಲ್ಲಿ ಮೊದಲೇ ಇರುವುದಿಲ್ಲ. ಕಾಳು ಒಡೆದ ಕ್ಷಣದಲ್ಲಿ ಅದರೊಳಗಿನ ಲಿಪಾಕ್ಸಿಜಿನೇಸ್ ಎಂಬ ಕಿಣ್ವ ಎಣ್ಣೆಯ ಅಂಶದ ಮೇಲೆ ಕೆಲಸ ಮಾಡುತ್ತದೆ, ವಾಸನೆ ಹುಟ್ಟುವುದು ಆಗ. ಬಿಸಿ ತಾಗಿದರೆ ಆ ಕಿಣ್ವ ಸಾಯುತ್ತದೆ. ಹಾಗಾಗಿ ವಾಸನೆ ಸಹಿಸದವರಿಗೆ ಮಾಡುವಾಗ ಚೆನ್ನಾಗಿ ಕಾದ ನೀರು ಹಾಕಿ ರುಬ್ಬುತ್ತೇನೆ. ಮಿಕ್ಸಿ ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಮುಚ್ಚಳದ ಮೇಲೆ ದಪ್ಪ ಬಟ್ಟೆ ಹಿಡಿದಿರಬೇಕು. ಬಿಸಿ ಹಬೆ ಮುಚ್ಚಳವನ್ನು ಎಬ್ಬಿಸುತ್ತದೆ, ಜಾಗ್ರತೆ. ಒಂದೂವರೆ ಲೀಟರ್ ನೀರಿನಲ್ಲಿ ಮೂರು ನಾಲ್ಕು ಕಂತಾಗಿ ನುಣ್ಣಗೆ ರುಬ್ಬಿ, ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ, ಹಿಂಡಿ, ಉಳಿದ ಅರ್ಧ ಲೀಟರನ್ನು ಬಟ್ಟೆಯಲ್ಲಿ ನಿಂತ ಹಿಂಡಿಗೆ ಸುರಿದು ಮತ್ತೊಮ್ಮೆ ಹಿಂಡುತ್ತೇನೆ. ಜಪಾನಿನ ಹಳೆಯ ಪದ್ಧತಿಯಲ್ಲಿ ರುಬ್ಬಿದ್ದನ್ನು ಮೊದಲು ಕುದಿಸಿ ಆಮೇಲೆ ಸೋಸುತ್ತಾರೆ, ಚೀನಾದ ಪದ್ಧತಿಯಲ್ಲಿ ಮೊದಲು ಸೋಸಿ ಆಮೇಲೆ ಕುದಿಸುತ್ತಾರೆ. ಎರಡನ್ನೂ ಮಾಡಿ ನೋಡಿದ್ದೇನೆ. ಮನೆಯ ಪಾತ್ರೆಗೆ ಎರಡನೆಯದೇ ಒಗ್ಗುತ್ತದೆ, ತಳ ಹಿಡಿಯುವ ಕಾಟ ಕಡಿಮೆ.

ಈಗ ಕುದಿ. ನಾನು ಮೊದಲು ಎಡವಿದ್ದು ಇಲ್ಲೇ. ಸೋಯಾ ಹಾಲು ಸುಳ್ಳು ಕುದಿ ಕುದಿಯುತ್ತದೆ. 80 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಅದರಲ್ಲಿರುವ ಸಾಬೂನಿನ ಗುಣದ ಸ್ಯಾಪೊನಿನ್‌ನಿಂದಾಗಿ ನೊರೆ ಭುಸ್ಸೆಂದು ಪಾತ್ರೆಯ ಅಂಚಿಗೆ ಬರುತ್ತದೆ. ನೋಡಿದವರು ಹಾಲು ಉಕ್ಕಿತು ಅಂತ ಒಲೆ ಆರಿಸುತ್ತಾರೆ. ನಾನೂ ಆರಿಸಿದೆ. ಆ ದಿನದ ಟೋಫು ತಿಂದು ಇಡೀ ರಾತ್ರಿ ಹೊಟ್ಟೆ ಉಬ್ಬರಿಸಿ ಒದ್ದಾಡಿದೆ. ಹಸಿ ಸೋಯಾದಲ್ಲಿ ಟ್ರಿಪ್ಸಿನ್ ಇನ್ಹಿಬಿಟರ್ ಎಂಬ ಅಂಶವಿದೆ, ಅದು ನಮ್ಮ ಹೊಟ್ಟೆ ಪ್ರೋಟೀನನ್ನು ಜೀರ್ಣಿಸುವುದನ್ನೇ ತಡೆಯುತ್ತದೆ. ಚೆನ್ನಾಗಿ ಕುದಿಸಿದರೆ ಮಾತ್ರ ಅದರ ಬಲ ಕುಂದುತ್ತದೆ. ಈಗ ನೊರೆ ಎದ್ದಾಗ ಉರಿ ಸಣ್ಣ ಮಾಡಿ, ನೊರೆಯನ್ನು ಸೌಟಿನಿಂದ ತೆಗೆದು, ನಿಜವಾದ ಕುದಿ ಬಂದ ಮೇಲೆ ಹತ್ತು ನಿಮಿಷ ಬಿಡದೆ ಕುದಿಸುತ್ತೇನೆ. ಚಪ್ಪಟೆ ತುದಿಯ ಮರದ ಚಮಚದಿಂದ ತಳ ಕೆರೆಯುತ್ತಲೇ ಇರಬೇಕು. ಒಂದು ಸಲ ತಳ ಹತ್ತಿದರೆ ಆ ಸೀದ ವಾಸನೆ ಟೋಫುವನ್ನು ಬಿಟ್ಟು ಹೋಗುವುದಿಲ್ಲ.

ಒಡೆಸಲು ನಿಗಾರಿ, ಅಂದರೆ ಮೆಗ್ನೀಷಿಯಂ ಕ್ಲೋರೈಡ್, ನನಗೆ ಎಲ್ಲಕ್ಕಿಂತ ಇಷ್ಟ. ಟೋಫುವಿಗೆ ಸಣ್ಣದೊಂದು ಸಿಹಿ ಕೊಡುತ್ತದೆ. ಆದರೆ ಅದು ಅವಸರದ ಉಪ್ಪು, ಬಿದ್ದ ಕಡೆ ತಕ್ಷಣ ಒಡೆಸಿಬಿಡುತ್ತದೆ. ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ನಿಧಾನಿ. ಟೋಫು ಮೆತ್ತಗೆ ಬರುತ್ತದೆ, ಕ್ಯಾಲ್ಸಿಯಂ ಕೂಡ ಸೇರುತ್ತದೆ. ಎಪ್ಸಂ ಸಾಲ್ಟ್, ಅಂದರೆ ಮೆಗ್ನೀಷಿಯಂ ಸಲ್ಫೇಟ್, ಕೂಡ ನಡೆಯುತ್ತದೆ. ಯಾವುದೇ ಇರಲಿ, ತಿನ್ನಲು ಯೋಗ್ಯವೆಂದು ಪೊಟ್ಟಣದ ಮೇಲೆ ಬರೆದಿರಬೇಕು. ಗಾರೆ ಕೆಲಸದ ಜಿಪ್ಸಂ, ಸ್ನಾನಕ್ಕೆಂದು ಸುಗಂಧ ಬೆರೆಸಿದ ಎಪ್ಸಂ ಅಡುಗೆಮನೆಗೆ ಬರಲೇಕೂಡದು. ಏನೂ ಸಿಗದಿದ್ದರೆ ನಾಲ್ಕು ದೊಡ್ಡ ಚಮಚ ನಿಂಬೆರಸ ಸಾಕು, ಟೋಫು ಸ್ವಲ್ಪ ಹುಳಿಯಾಗಿ, ಸ್ವಲ್ಪ ತರಿಯಾಗಿ ಬರುತ್ತದೆ ಅಷ್ಟೆ. ನನ್ನ ಅಳತೆಗೆ ನಿಗಾರಿ 6ರಿಂದ 8 ಗ್ರಾಂ, ಒಂದು ಲೋಟ ಬೆಚ್ಚನೆಯ ನೀರಿನಲ್ಲಿ ಕರಗಿಸಿದ್ದು. ಮುಂದೆ ಉಪ್ಪುನೀರು ಅನ್ನುವುದು ಇದನ್ನೇ, ಅಡುಗೆ ಉಪ್ಪಿನದ್ದಲ್ಲ.

ಒಲೆ ಆರಿಸಿ ಐದು ನಿಮಿಷ ಸುಮ್ಮನಿರುತ್ತೇನೆ. ಹಾಲಿನ ಮೇಲೆ ತೆಳ್ಳಗೆ ಕೆನೆಯಂಥ ಪದರ ಕಟ್ಟುತ್ತದೆ. ಜಪಾನಿನಲ್ಲಿ ಯೂಬಾ ಎನ್ನುವುದು ಇದನ್ನೇ. ಮೆಲ್ಲಗೆ ಎತ್ತಿ ಅಲ್ಲೇ ತಿಂದುಬಿಡುತ್ತೇನೆ. ಹಾಲು 75ರಿಂದ 80 ಡಿಗ್ರಿಗೆ ಇಳಿದಾಗ ಸೌಟು ಇಳಿಸಿ ಎರಡು ಸುತ್ತು ತಿರುಗಿಸಿ, ತಿರುಗುತ್ತಿರುವ ಹಾಲಿಗೆ ಉಪ್ಪುನೀರಿನ ಮೂರನೇ ಒಂದು ಪಾಲು ಹಾಕುತ್ತೇನೆ. ಕೂಡಲೇ ಸೌಟನ್ನು ನೆಟ್ಟಗೆ ನಿಲ್ಲಿಸಿ ಹಿಡಿದರೆ ಸುಳಿ ನಿಲ್ಲುತ್ತದೆ. ಸೌಟನ್ನು ಮೇಲಕ್ಕೆ ಎತ್ತಿ ತೆಗೆದು, ಎರಡನೆಯ ಪಾಲನ್ನು ಮೇಲೆಲ್ಲ ಚಿಮುಕಿಸಿ, ಮುಚ್ಚಳ ಮುಚ್ಚಿ ಐದು ನಿಮಿಷ ಕೈ ಕಟ್ಟಿ ನಿಲ್ಲುವುದು. ನನ್ನ ಆ ಪುಡಿಪುಡಿ ಟೋಫುವಿಗೆ ಈ ಐದು ನಿಮಿಷವೇ ಕಾರಣ. ಒಡೆಯುತ್ತಿದೆಯೋ ಇಲ್ಲವೋ ಅಂತ ಕಲಕುತ್ತಲೇ ಇದ್ದೆ, ಒಂದನ್ನೊಂದು ಹಿಡಿದುಕೊಳ್ಳುತ್ತಿದ್ದ ಗರಣೆಯನ್ನು ನಾನೇ ಚೂರು ಮಾಡುತ್ತಿದ್ದೆ.

ಮುಚ್ಚಳ ತೆಗೆದಾಗ ಮೋಡದಂಥ ಗರಣೆಗಳ ನಡುವೆ ನೀರು ಕಾಣುತ್ತದೆ. ಅದು ಇನ್ನೂ ಹಾಲಿನಂತೆ ಬೆಳ್ಳಗಿದ್ದರೆ ಪ್ರೋಟೀನು ಇನ್ನೂ ನೀರಿನಲ್ಲೇ ಇದೆ. ಬೆಳ್ಳಗಿರುವ ಜಾಗಕ್ಕೆ ಮಾತ್ರ ಮೂರನೆಯ ಪಾಲನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತೇನೆ, ಮತ್ತೆ ಮೂರು ನಿಮಿಷ ಮುಚ್ಚುತ್ತೇನೆ. ನೀರು ತಿಳಿಯಾಗಿ, ತಳ ಕಾಣುವಂತೆ ತೆಳು ಹಳದಿಗೆ ತಿರುಗಿದ ಕೂಡಲೇ ಕೈ ನಿಲ್ಲಿಸಬೇಕು. ಲೋಟದಲ್ಲಿ ಉಪ್ಪುನೀರು ಉಳಿದಿದ್ದರೆ ಉಳಿಯಲಿ. ಹೇಗೂ ಕರಗಿಸಿಟ್ಟಿದ್ದೇನಲ್ಲ ಅಂತ ಸುರಿದದ್ದಕ್ಕೇ ಒಮ್ಮೆ ಟೋಫು ಕಹಿಯಾಗಿ ಗಟ್ಟಿ ಹೆಂಟೆಯಾದದ್ದು. ಕಾಳು ಬದಲಾದರೆ ಬೇಕಾಗುವ ಉಪ್ಪೂ ಬದಲಾಗುತ್ತದೆ. ಗ್ರಾಂ ಲೆಕ್ಕ ದಾರಿ ತೋರಿಸುತ್ತದೆ, ಮಾತು ಮುಗಿಸುವುದು ನೀರಿನ ಬಣ್ಣವೇ.

ಆಮೇಲಿನದು ಸುಲಭ. ತೂತು ಕೊರೆದ ಡಬ್ಬಿಗೆ ಒದ್ದೆ ಬಟ್ಟೆ ಹಾಸಿ, ಗರಣೆಯನ್ನು ಮುರಿಯದ ಹಾಗೆ ಸೌಟಿನಲ್ಲಿ ತುಂಬಿ, ಬಟ್ಟೆ ಮಡಿಚಿ ಭಾರ ಇಡುವುದು. ಅರ್ಧ ಕೆಜಿ ಭಾರ 15 ನಿಮಿಷ ಇಟ್ಟರೆ ಮೆದು, ಒಂದೂವರೆ ಕೆಜಿ ಅರ್ಧ ಗಂಟೆ ಇಟ್ಟರೆ ಗಟ್ಟಿ. ಬಿಸಿಯಿದ್ದಾಗ ಬಟ್ಟೆ ಬಿಚ್ಚಿದರೆ ಮೂಲೆ ಮುರಿಯುತ್ತದೆ, ತಣ್ಣೀರಿನೊಳಗೆ ಮುಳುಗಿಸಿಯೇ ಬಿಚ್ಚಬೇಕು.

ನನಗೆ ಇದರಿಂದ 400 ಗ್ರಾಂ ಆಸುಪಾಸು ಟೋಫು ಸಿಗುತ್ತದೆ. ಒಣ ಸೋಯಾದಲ್ಲಿ ಪ್ರೋಟೀನು ನೂರಕ್ಕೆ ಸುಮಾರು 36, ಅಂದರೆ 250 ಗ್ರಾಂ ಕಾಳಿನಲ್ಲಿ 90 ಗ್ರಾಂ. ಅದೆಲ್ಲ ಟೋಫುವಿಗೆ ಬರುವುದಿಲ್ಲ, ಒಂದಷ್ಟು ಹಿಂಡಿಯಲ್ಲಿ, ಚೂರು ತಿಳಿನೀರಿನಲ್ಲಿ ಉಳಿಯುತ್ತದೆ. ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ, 60 ಕೆಜಿ ತೂಕದವರಿಗೆ 50 ಗ್ರಾಂ. ಗಟ್ಟಿ ಟೋಫುವಿನ ಒಂದು ದೊಡ್ಡ ತುಂಡು ಅದರಲ್ಲಿ ಒಳ್ಳೆಯ ಪಾಲನ್ನೇ ತುಂಬಿಸುತ್ತದೆ. ಹಿಂಡಿಯನ್ನು, ಓಕಾರ ಅಂತ ಅದರ ಹೆಸರು, ನಾನು ಎಂದೂ ಎಸೆಯುವುದಿಲ್ಲ. ನಾರು ತುಂಬಿದ ಒಳ್ಳೆಯ ಪದಾರ್ಥ. ಆದರೆ ನನ್ನ ಪದ್ಧತಿಯಲ್ಲಿ ಅದು ಹಸಿಯಾಗಿಯೇ ಉಳಿದಿರುತ್ತದೆ, ಹದಿನೈದು ನಿಮಿಷವಾದರೂ ಹಬೆಯಲ್ಲಿ ಬೇಯಿಸದೆ ಬಾಯಿಗೆ ಹಾಕಬಾರದು. ಬೇಗ ಹುಳಿಯುತ್ತದೆ, ಅವತ್ತೇ ಬಳಸಬೇಕು ಇಲ್ಲವೆ ಫ್ರೀಜರಿಗೆ ಹಾಕಬೇಕು.

ಟೋಫು ಕೈಗೆ ಬಂದ ಮೇಲೆ ಇಂಡೋನೇಷ್ಯಾದ ಟೆಂಪೆಗೆ ಕೈ ಹಾಕಿದೆ. ಇದು ಹಾಲು ಹಿಂಡುವ ಕೆಲಸವಲ್ಲ, ಇಡೀ ಕಾಳನ್ನು ರೈಜೋಪಸ್ ಎಂಬ ಬೂಷ್ಟು ಹೆಣೆಯುತ್ತದೆ. ನೆನೆದ ಕಾಳನ್ನು ಉಜ್ಜಿ ಸಿಪ್ಪೆ ತೇಲಿಸಿ ತೆಗೆದು, ಮೆತ್ತಗಾಗುವಂತೆ ಬೇಯಿಸಿ, ಬಸಿದು, ಬಟ್ಟೆಯ ಮೇಲೆ ಹರವಿ ಮೈ ಒಣಗಿಸಬೇಕು. ಮೊದಲ ಸಲ ಕಾಳು ಒದ್ದೆಯಿತ್ತು, ಮಾರನೆಯ ದಿನ ಲೋಳೆಯಾಗಿ ನಾತ ಹೊಡೆಯಿತು, ಪೂರ್ತಿ ಚೆಲ್ಲಿದೆ. ಒಣಗಿ ಬೆಚ್ಚಗಿರುವ ಕಾಳಿಗೆ ಎರಡು ಚಮಚ ವಿನಿಗರ್, ಆಮೇಲೆ ಟೆಂಪೆ ಹೆಪ್ಪಿನ ಪುಡಿ ಬೆರೆಸಿ, ಸೂಜಿಯಿಂದ ಎಲ್ಲೆಡೆ ಚುಚ್ಚಿದ ಚೀಲದಲ್ಲಿ ಒಂದು ಅಂಗುಲ ದಪ್ಪಕ್ಕೆ ತುಂಬಿ, 30ರಿಂದ 32 ಡಿಗ್ರಿಯಲ್ಲಿ ಇಡುತ್ತೇನೆ. ಅರ್ಧ ದಿನ ಏನೂ ಆಗುವುದಿಲ್ಲ. ಆಮೇಲೆ ಚೀಲದ ಮೇಲೆ ಕೈ ಇಟ್ಟರೆ ಜ್ವರ ಬಂದ ಮೈಯಂತೆ ಬಿಸಿ! ಬೂಷ್ಟು ತಾನೇ ಶಾಖ ಹುಟ್ಟಿಸುತ್ತದೆ, ಆಗ ಹೊರಗಿನ ಶಾಖ ತೆಗೆದುಬಿಡಬೇಕು. ಒಂದೂವರೆ ದಿನದ ಹೊತ್ತಿಗೆ ಕಾಳೆಲ್ಲ ಬಿಳಿ ನೂಲಿನಲ್ಲಿ ಬಿಗಿದು ಒಂದೇ ಹಲಗೆಯಾಗಿ, ಅಣಬೆಯ ವಾಸನೆ ಬರುತ್ತದೆ. ತೂತಿನ ಬಳಿ ಬೂದು, ಕಪ್ಪು ಚುಕ್ಕೆ ಕಂಡರೆ ಭಯವಿಲ್ಲ. ಗುಲಾಬಿ ಅಥವಾ ಕಿತ್ತಳೆ ಬಣ್ಣ, ಲೋಳೆ, ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಇದ್ದರೆ ಎರಡನೆಯ ಯೋಚನೆಯಿಲ್ಲದೆ ಎಸೆಯಬೇಕು. ಬೇಯಿಸಿಯೇ ತಿನ್ನುವುದು.

ಸೋಯಾ ಒಗ್ಗದವರಿಗೆ ಕಡಲೆ ಹಿಟ್ಟಿನ ಟೋಫು ಇದೆ, ಬರ್ಮಾದ ಶಾನ್ ಜನರದ್ದು. ಒಂದು ಪಾಲು ಹಿಟ್ಟಿಗೆ ಮೂರು ಪಾಲು ನೀರು, ಗಂಟಿಲ್ಲದಂತೆ ಕಲಸಿ, ದಪ್ಪಗಾಗಿ ಹೊಳೆಯುವವರೆಗೆ ತಿರುವಿ, ತಟ್ಟೆಗೆ ಸುರಿದು ಆರಿಸುವುದು. ಇದು ಗಟ್ಟಿಯಾಗುವುದು ಪಿಷ್ಟದಿಂದ, ಹಾಗಾಗಿ ಪ್ರೋಟೀನು ಗಟ್ಟಿ ಸೋಯಾ ಟೋಫುವಿನ ಅರ್ಧದಷ್ಟೂ ಇರುವುದಿಲ್ಲ. ಗೋಧಿ ಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ತೊಳೆದು ತೊಳೆದು ಗ್ಲೂಟನ್ ಎಂಬ ಅಂಟು ಪ್ರೋಟೀನನ್ನು ಉಳಿಸಿಕೊಂಡು ಮಾಡುವ ಸೈಟಾನ್ ಪ್ರೋಟೀನಿನಲ್ಲಿ ಭಾರಿ, ಆದರೆ ಲೈಸಿನ್ ಎಂಬ ಅಮೈನೋ ಆಮ್ಲ ಅದರಲ್ಲಿ ಕಡಿಮೆ. ಆ ಕೊರತೆಯನ್ನು ಕಾಳುಗಳು ತುಂಬುತ್ತವೆ, ಅದಕ್ಕೇ ನಾನು ಸೋಯಾ ಹಿಟ್ಟನ್ನೂ ಸೇರಿಸುತ್ತೇನೆ. ಗ್ಲೂಟನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರುವವರು ಸೈಟಾನ್ ಮುಟ್ಟಬಾರದು. ಇನ್ನೊಂದು ಮಾತು: ಹಾಲು, ಮೊಟ್ಟೆಯನ್ನೂ ಬಿಟ್ಟವರು ಬಿ12 ವಿಟಮಿನ್ನಿಗೆ ಇವು ಯಾವುದನ್ನೂ ನಂಬಬೇಡಿ, ಅದಕ್ಕೆ ಬೇರೆ ದಾರಿ ಮಾಡಿಕೊಳ್ಳಲೇಬೇಕು.

ಟೋಫುವನ್ನು ನೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಟ್ಟು, ದಿನವೂ ನೀರು ಬದಲಿಸಿ, ನಾಲ್ಕು ದಿನದೊಳಗೆ ಮುಗಿಸುತ್ತೇನೆ. ಹೆಚ್ಚಾದದ್ದು ಫ್ರೀಜರಿಗೆ. ಒಳಗಿನ ನೀರು ಮಂಜುಗಡ್ಡೆಯಾಗಿ ಸಣ್ಣ ಸಣ್ಣ ಗೂಡು ಕೊರೆಯುತ್ತದೆ. ಕರಗಿಸಿ ಅಂಗೈಯಲ್ಲಿ ಹಿಂಡಿದರೆ ಸ್ಪಂಜಿನಂತೆ ನೀರು ಬಿಡುತ್ತದೆ, ಆಮೇಲೆ ಹಾಕಿದ ರಸವನ್ನೆಲ್ಲ ಹೀರಿಕೊಂಡು ಜಗಿಯಲು ಗಟ್ಟಿ ಸಿಗುತ್ತದೆ. ಕೊನೆಗೆ ಉಳಿಯುವುದು ಆ ಹಳದಿ ತಿಳಿನೀರು. ಬೆಚ್ಚಗಿರುವಾಗಲೇ ಸೋಸಿದ ಬಟ್ಟೆ, ಜಿಗುಟು ಪಾತ್ರೆಗಳನ್ನು ಅದರಲ್ಲೇ ಅದ್ದಿ ಉಜ್ಜುತ್ತೇನೆ. ಕುದಿಯುವಾಗ ನೊರೆ ಎಬ್ಬಿಸಿದ ಅದೇ ಸ್ಯಾಪೊನಿನ್ ಅದರಲ್ಲಿದೆ, ಸಾಬೂನು ಮುಟ್ಟದೆಯೇ ಬಟ್ಟೆಯ ಜಿಗುಟು ಬಿಡುತ್ತದೆ.