ಮಲೆನಾಡಿನ ಮಳೆಯಲ್ಲಿ ಹಳೆಯ ಗುರಿ ರೈಫಲ್ ಉಳಿಸಿಕೊಳ್ಳುವುದು ಹೇಗೆ?

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ತೋಟದ ಮನೆಗಳಿಗೆ ಕೋವಿ ಹೊಸದಲ್ಲ. ಮಳೆಗಾಲ ಕಳೆದ ಮೇಲೆ ಅದನ್ನು ಗೋಡೆಯಿಂದ ಇಳಿಸಿ, ನಳಿಕೆಗೆ ಸರಳು ತೂರಿಸಿ ಉಜ್ಜಿ, ಕೊಬ್ಬರಿ ಎಣ್ಣೆ ಸವರಿ ಮತ್ತೆ ನೇತುಹಾಕುವುದು ಹಲವರ ರೂಢಿ. ಜೋಡಿನಳಿಕೆಯ ಕೋವಿ ಈ ಉಪಚಾರವನ್ನು ತಾಳಿಕೊಳ್ಳುತ್ತದೆ. ಸ್ಪರ್ಧೆಗೆಂದೇ ತಯಾರಾದ ಹಳೆಯ .22 (ನಳಿಕೆಯ ವ್ಯಾಸ ಸುಮಾರು 0.22 ಇಂಚು) ರೈಫಲ್ ತಾಳಿಕೊಳ್ಳುವುದಿಲ್ಲ. 50 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿಲಿಮೀಟರ್. ಅಷ್ಟು ಚಿಕ್ಕ ಗುರಿಯನ್ನು ಮತ್ತೆ ಮತ್ತೆ ಮುಟ್ಟುವ ಆನ್‌ಶುಟ್ಸ್, ವಾಲ್ಟರ್ ಅಥವಾ ಬಿಎಸ್ಎ ಕಂಪನಿಯ ರೈಫಲ್ ನಿಮ್ಮ ಕೈಗೆ ಬಂದಿದ್ದರೆ ಅದನ್ನು ಅಳತೆಯ ಉಪಕರಣವೆಂದೇ ನೋಡಿಕೊಳ್ಳಬೇಕು. ಇಂಥ ರೈಫಲ್‌ಗಳು ಗುಂಡು ಹಾರಿಸಿ ಸವೆಯುವುದಕ್ಕಿಂತ ತಪ್ಪು ಆರೈಕೆಯಿಂದ ಹಾಳಾಗುವುದೇ ಹೆಚ್ಚು.

ಮೊದಲು ಕಾಗದಪತ್ರ

ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ ಹಾಸನ, ಚಿಕ್ಕಮಗಳೂರಿನವರಿಗೆ ಅನ್ವಯಿಸುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಜಿಲ್ಲಾಧಿಕಾರಿಯವರಿಂದ ಪರವಾನಗಿ ಪಡೆಯಲೇಬೇಕು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷ, ಸಾಮಾನ್ಯ ಪರವಾನಗಿದಾರರು ಇಟ್ಟುಕೊಳ್ಳಬಹುದಾದ ಬಂದೂಕು ಎರಡು. ಮನೆಯಲ್ಲಿ ಈಗಾಗಲೇ ಎರಡು ಕೋವಿಗಳಿದ್ದರೆ ಮೂರನೆಯದರ ಆಸೆಗೆ ಮುಂಗಡ ಕೊಡುವ ಮೊದಲು ಇದನ್ನು ಯೋಚಿಸಿ. ಪರವಾನಗಿದಾರರೊಬ್ಬರು ತಮ್ಮ ಸ್ವಂತ ರೈಫಲನ್ನು ನಿಮಗೆ ಮಾರುವುದಾದರೆ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕಾಗುತ್ತದೆ. ತಂದೆಯ ರೈಫಲ್ ಮಕ್ಕಳಿಗೆ ಬರುವ ದಾರಿ 2016ರ ನಿಯಮಗಳಲ್ಲಿದೆ: ಪರವಾನಗಿದಾರರು ತೀರಿಕೊಂಡಾಗ ಮಾತ್ರವಲ್ಲ, ಅವರಿಗೆ 70 ವರ್ಷ ತುಂಬಿದಾಗ ಅಥವಾ ಅವರು 25 ವರ್ಷ ಆ ಆಯುಧವನ್ನು ಹೊಂದಿದ್ದಾಗಲೂ ವಾರಸುದಾರರು ಅರ್ಜಿ ಹಾಕಬಹುದು. ಹಿರಿಯರು ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ಕೊಳ್ಳುವಾಗ ಏನು ನೋಡಬೇಕು

ಹೊಳಪಿಗೆ ಮಾರುಹೋಗಬೇಡಿ. ಬೋಲ್ಟ್ (ಗುಂಡಿನ ಕೋಣೆಯನ್ನು ಹಿಂದಿನಿಂದ ಮುಚ್ಚುವ ಭಾಗ) ಹೊರತೆಗೆದು, ಗುಂಡಿನ ಕೋಣೆ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡ ಮೇಲೆ ನಳಿಕೆಯನ್ನು ಬೆಳಕಿಗೆ ಹಿಡಿಯಿರಿ. ಒಳಗಿನ ಸುರುಳಿ ಗೀರುಗಳು ತುದಿಯವರೆಗೂ ಚೂಪಾಗಿ ಕಾಣಬೇಕು. ಆಮೇಲೆ ನಳಿಕೆಯ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ. ಗುಂಡು ಕೊನೆಯದಾಗಿ ಮುಟ್ಟುವುದು ಆ ಅಂಚನ್ನೇ. ಅಲ್ಲಿ ಒಂದು ಕಡೆ ಸವೆದಿದ್ದರೆ ಅಥವಾ ಸಣ್ಣ ಪೆಟ್ಟಾಗಿದ್ದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಗುರಿ ಚದುರುತ್ತದೆ. ಡಯಾಪ್ಟರ್ ಸೈಟ್‌ನ (ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಹಿಂದಿನ ಸಾಧನ) ತಿರುಪುಗಳು ಪ್ರತಿ ಹೆಜ್ಜೆಗೂ ಸ್ಪಷ್ಟವಾಗಿ ಟಿಕ್ ಎನ್ನಬೇಕು. ಮುಂದಿನ ಸೈಟ್‌ನೊಳಗೆ ಹಾಕುವ ಉಂಗುರಗಳು ಜೊತೆಗಿವೆಯೇ ಎಂದೂ ಕೇಳಿ. ಹಳೆಯ ಮಾದರಿಗಳಿಗೆ ಅವು ಬಿಡಿಯಾಗಿ ಸಿಗುವುದು ಕಷ್ಟ. 1954ರಲ್ಲಿ ಬಂದ ಆನ್‌ಶುಟ್ಸ್ ಮ್ಯಾಚ್ 54 ಆಕ್ಷನ್‌ನ (ತೋಟಾ ತುಂಬಿ ಸಿಡಿಸುವ ಯಂತ್ರಭಾಗ) ರೈಫಲ್ ಸಿಕ್ಕರೆ, ನನ್ನ ಮಟ್ಟಿಗೆ, ಮರದ ಮೇಲಿನ ಗೀರುಗಳನ್ನು ಲೆಕ್ಕಿಸಬೇಕಿಲ್ಲ.

ನಳಿಕೆ: ಹಿಂದಿನಿಂದ, ಹಗುರವಾಗಿ

.22 ಗುಂಡು ಮೇಣ ಅಥವಾ ಜಿಡ್ಡು ಸವರಿದ ಮೆತ್ತನೆಯ ಸೀಸದ್ದು. ಅದು ನಳಿಕೆಯನ್ನು ಸವೆಸುವುದು ತೀರಾ ನಿಧಾನ. ಸವೆಸುವುದು ನಮ್ಮ ಉಕ್ಕಿನ ಸರಳು, ಅದಕ್ಕೆ ಅಂಟಿದ ಮರಳಿನ ಕಣ. ಆದ್ದರಿಂದ ಪ್ಲಾಸ್ಟಿಕ್ ಹೊದಿಕೆಯಿರುವ, ಜೋಡಣೆಯಿಲ್ಲದ ಒಂದೇ ತುಂಡಿನ ಕ್ಲೀನಿಂಗ್ ರಾಡ್ ಬಳಸಿ. ಬೋಲ್ಟ್ ತೆಗೆದ ಜಾಗದಲ್ಲಿ ರಾಡನ್ನು ನೇರವಾಗಿ ನಡೆಸುವ ಗೈಡ್ ಕೂರಿಸಿ ಹಿಂದಿನಿಂದ ಮುಂದಕ್ಕೆ ತಳ್ಳಿ. ಬಟ್ಟೆ ಬಾಯಿಯಿಂದ ಹೊರಬಂದ ಮೇಲೆ ಅದನ್ನು ಬಿಡಿಸಿಕೊಂಡು ಬರಿಯ ರಾಡನ್ನು ಹಿಂದೆಳೆಯಿರಿ. ಹಿಂದಿನಿಂದ ನೇರ ದಾರಿ ಸಿಗದ ಮಾರ್ಟಿನಿ ಮಾದರಿಗಳಿಗೆ ಬಟ್ಟೆ ಕಟ್ಟಿ ಎಳೆಯುವ ದಾರದ ಪುಲ್‌ಥ್ರೂ ಸಾಕು. ದಿನದ ಅಭ್ಯಾಸ ಮುಗಿದ ಮೇಲೆ ದ್ರಾವಕದಲ್ಲಿ ಅದ್ದಿದ ಒಂದೆರಡು ಹತ್ತಿ ಬಟ್ಟೆ, ನಂತರ ಒಣಬಟ್ಟೆ, ಕೊನೆಗೆ ತೆಳು ಎಣ್ಣೆಯ ಒಂದು ಸುತ್ತು. ಬಟ್ಟೆ ಅಚ್ಚ ಬಿಳುಪಾಗಿ ಬರುವವರೆಗೆ ಉಜ್ಜುವ ಹಟ ಬೇಡ.

ಉಜ್ಜಬೇಕಾದ ಜಾಗ ಒಂದಿದೆ. ಗುಂಡಿನ ಕೋಣೆ ಮುಗಿದು ಗೀರುಗಳು ಶುರುವಾಗುವಲ್ಲಿ ಮಸಿ ಗಟ್ಟಿಯಾಗಿ ಉಂಗುರ ಕಟ್ಟುತ್ತದೆ. ನೈಲಾನ್ ಬ್ರಷ್‌ಗೆ ದ್ರಾವಕದಲ್ಲಿ ನೆನೆಸಿದ ಬಟ್ಟೆ ಸುತ್ತಿ, ಅಲ್ಲಿ ಹತ್ತು ನಿಮಿಷ ಇಟ್ಟು, ನಿಧಾನವಾಗಿ ತಿರುಗಿಸಿ ತೆಗೆಯಿರಿ. ಸ್ವಚ್ಛವಾದ ನಳಿಕೆಯ ಮೊದಲ ಕೆಲವು ಗುಂಡುಗಳು ಗುರಿಯಿಂದ ಅತ್ತಿತ್ತ ಸರಿಯುತ್ತವೆ. ಗುಂಡಿನ ಜಿಡ್ಡು ಮತ್ತೆ ಸಮನಾಗಿ ಹರಡುವವರೆಗೆ ಸೈಟ್ ಮುಟ್ಟಬೇಡಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಸೀಸ ಹೊಟ್ಟೆಗೆ ಹೋಗಬಾರದು.

ಕೊಬ್ಬರಿ ಎಣ್ಣೆ ಏಕೆ ಬೇಡ

24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಬೋಲ್ಟಿನೊಳಗಿನ ಫೈರಿಂಗ್ ಪಿನ್ ಅದರಲ್ಲಿ ಸಿಕ್ಕಿ ನಿಧಾನವಾದರೆ ಪೆಟ್ಟು ಹಗುರವಾಗಿ ತೋಟಾ ಸಿಡಿಯುವುದಿಲ್ಲ. ಗನ್ ಆಯಿಲ್ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ, ಅದೂ ಒಂದೇ ಹನಿ. ಟ್ರಿಗರ್‌ಗೆ ಆ ಹನಿಯೂ ಬೇಡ. ಎಣ್ಣೆ ಧೂಳನ್ನು ಹಿಡಿದು ಅಂಟಾಗುತ್ತದೆ, ಸೂಕ್ಷ್ಮ ಟ್ರಿಗರ್ ನಂಬಿಕೆಗೆ ಅರ್ಹವಾಗಿ ಉಳಿಯುವುದಿಲ್ಲ. ಟ್ರಿಗರ್ ಬಿಚ್ಚುವ ಕೆಲಸ ಪರವಾನಗಿ ಪಡೆದ ರಿಪೇರಿಯವರದು. ಖಾಲಿ ರೈಫಲ್‌ನ ಟ್ರಿಗರ್ ಒತ್ತಿ ಅಭ್ಯಾಸ ಮಾಡುವುದೂ ಅಪಾಯ: .22ರಲ್ಲಿ ಪಿನ್ ಕೋಣೆಯ ಅಂಚಿಗೇ ಬಡಿದು ಅದನ್ನು ತಗ್ಗಿಸುತ್ತದೆ. ಆ ಅಭ್ಯಾಸಕ್ಕೆಂದೇ ವ್ಯವಸ್ಥೆಯಿರುವ ರೈಫಲ್‌ಗಳ ಮಾತು ಬೇರೆ.

ಮರ ಮತ್ತು ತೇವ

ಆಷಾಢದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಹಾಗೆ ರೈಫಲ್‌ನ ವಾಲ್‌ನಟ್ ಅಥವಾ ಬೀಚ್ ಮರವೂ ಉಬ್ಬುತ್ತದೆ. ಸಕಲೇಶಪುರದ ಮಳೆಯಲ್ಲಿ ಸರಿಪಡಿಸಿದ ಗುರಿ ಅರಸೀಕೆರೆಯ ಒಣಹವೆಯಲ್ಲಿ ಸರಿದರೆ ಆಶ್ಚರ್ಯವಿಲ್ಲ. ಲೋಹವನ್ನು ಮರಕ್ಕೆ ಬಿಗಿಯುವ ತಿರುಪುಗಳನ್ನು ಅಂದಾಜಿನ ಮೇಲೆ ಬಿಗಿಯದೆ ಟಾರ್ಕ್ ರೆಂಚ್‌ನಿಂದ ಒಂದೇ ಅಳತೆಗೆ ತನ್ನಿ; ಹಲವು ಆನ್‌ಶುಟ್ಸ್‌ಗಳಿಗೆ 5 ನ್ಯೂಟನ್ ಮೀಟರ್ ಸುಮಾರಿನ ಬಿಗಿ ಹೊಂದುತ್ತದೆ. ಎಣ್ಣೆ ಹೊಳಪಿನ ಮರಕ್ಕೆ ಮಳೆಗಾಲಕ್ಕೆ ಮೊದಲು ಅಗಸೆ ಎಣ್ಣೆಯನ್ನು ಅಂಗೈಯಿಂದ ತೆಳುವಾಗಿ ತಿಕ್ಕಿ ಒಣಗಲು ಬಿಡಿ. ವಾರ್ನಿಷ್ ಇರುವ ಮರಕ್ಕೆ ಇದು ಬೇಡ.

ಚರ್ಮದ ಚೀಲ, ಫೋಮ್ ಪೆಟ್ಟಿಗೆ ಎರಡೂ ತೇವ ಹಿಡಿದಿಟ್ಟುಕೊಳ್ಳುತ್ತವೆ. ಪ್ರಯಾಣಕ್ಕೆ ಸರಿ, ವಾಸಕ್ಕಲ್ಲ. ಬಚ್ಚಲೊಲೆಯ ಗೋಡೆಯ ಆಚೆ ಬದಿಯೂ ಬೇಡ. ಬೀಗ ಹಾಕುವ ಉಕ್ಕಿನ ಕಪಾಟು, ಒಳಗೆ ಸಿಲಿಕಾ ಜೆಲ್, ಜೊತೆಗೆ ಒಂದು ತೇವಮಾಪಕ ಇಡಿ. ಸಾಪೇಕ್ಷ ತೇವಾಂಶ 50 ಪ್ರತಿಶತದ ಆಸುಪಾಸಿನಲ್ಲಿದ್ದರೆ ಉಕ್ಕಿಗೂ ಮರಕ್ಕೂ ಕ್ಷೇಮ. ನಳಿಕೆಯ ಬಾಯಿ ಕೆಳಗೆ ಮಾಡಿ, ಬಟ್ಟೆಯ ಮೇಲೆ ನಿಲ್ಲಿಸಿದರೆ ಎಣ್ಣೆ ಇಳಿದು ಮರಕ್ಕೆ ಸೇರುವುದಿಲ್ಲ. ತೋಟಾಗಳಿಗೆ ಬೇರೆ ಬೀಗ.

ಗುಂಡು ಹಾರಿಸುವುದು ಅನುಮತಿಯಿರುವ ರೇಂಜಿನಲ್ಲಿ ಮಾತ್ರ. .22 ಗುಂಡು ಒಂದೂವರೆ ಕಿಲೋಮೀಟರ್‌ವರೆಗೂ ಹಾರಬಲ್ಲದು. ಕಾಫಿ ಗಿಡಗಳ ನಡುವೆ ಎಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆಂದು ನಮಗೆ ಕಾಣುವುದಿಲ್ಲ.

ಚುನಾವಣೆಯ ಸಮಯದಲ್ಲಿ ರೈಫಲನ್ನು ಠೇವಣಿ ಇಡಲು ಆದೇಶ ಬಂದರೆ ಹಿಂದಿನ ದಿನವೇ ನಳಿಕೆಗೂ ಹೊರಗಿನ ಉಕ್ಕಿಗೂ ಎಣ್ಣೆ ಸವರಿ, ಗಾಳಿಯಾಡುವ ಹತ್ತಿ ಚೀಲದಲ್ಲಿ ಹಾಕಿ ಒಯ್ಯಿರಿ. ಸೈಟ್‌ನ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ರಸೀದಿಯಲ್ಲಿ ರೈಫಲ್‌ನ ಸಂಖ್ಯೆ, ಜೊತೆಗೆ ಕೊಟ್ಟ ಬಿಡಿಭಾಗಗಳು ನಮೂದಾಗಿವೆಯೇ ಎಂದು ಅಲ್ಲೇ ಓದಿ ನೋಡಿ. ಬಿಡಿಸಿಕೊಂಡ ದಿನವೇ ಎಣ್ಣೆ ಒರೆಸಿ, ತುಕ್ಕಿನ ಚುಕ್ಕೆಗಾಗಿ ಹುಡುಕಿ.