ರಣಹದ್ದು ವಾಪಸ್ ಬರಬೇಕಾ? ಮೊದಲು ನಿಮ್ಮ ಅಂಗಡಿಯ ರ‍್ಯಾಕ್ ನೋಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಪಶು ಔಷಧಿ ಅಂಗಡಿ ಇಟ್ಟವರಿಗೆ ಇದು. ಹಕ್ಕಿ ಉಳಿಸಿ ಅಂತ ಬ್ಯಾನರ್ ಕಟ್ಟುವುದು, ಟೀ ಶರ್ಟ್ ಹಂಚುವುದು ಎಲ್ಲ ಆಮೇಲೆ. ರಣಹದ್ದಿನ ವಿಷಯದಲ್ಲಿ ನಿಮ್ಮ ಕೌಂಟರಿನಲ್ಲಿ ಆಗುವ ಕೆಲಸ ಕಾಡಿನಲ್ಲೂ ಆಗುವುದಿಲ್ಲ.

ಯಾಕೆ ಅಂದ್ರೆ, ನೋವಿಗೆ ಡೈಕ್ಲೋಫಿನಾಕ್ ಚುಚ್ಚಿಸಿಕೊಂಡ ದನ ಒಂದೆರಡು ದಿನದಲ್ಲಿ ಸತ್ತರೆ ಔಷಧಿ ಅದರ ಮೈಯಲ್ಲೇ ಇರುತ್ತದೆ. ಆ ಹೆಣ ತಿಂದ ರಣಹದ್ದಿನ ಕಿಡ್ನಿ ಕೆಟ್ಟು ಕೆಲವೇ ದಿನದಲ್ಲಿ ಸಾಯುತ್ತದೆ. 1992ರಿಂದ 2007ರ ಒಳಗೆ ದೇಶದಲ್ಲಿ ಬಿಳಿ ಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಉಳಿಯಿತು. ಇವು ಹಿಂಡಾಗಿ ಬಂದು ತಿನ್ನುವುದರಿಂದ ನೂರು ಹೆಣಗಳಲ್ಲಿ ಒಂದರಲ್ಲಿ ವಿಷ ಇದ್ದರೂ ಸಾಕು. ಇಡುವುದೋ ವರ್ಷಕ್ಕೆ ಒಂದೇ ಮೊಟ್ಟೆ.

ಹರಿಯಾಣದ ಪಿಂಜೋರ್‌ನಂಥ ಕೇಂದ್ರಗಳಲ್ಲಿ ಮರಿ ಮಾಡಿಸಿ ಬೆಳೆಸುತ್ತಾರೆ. ಬಂಗಾಳದ ಬಕ್ಸಾದಲ್ಲಿ 2021ರಲ್ಲಿ ಹಾಗೆ ಬೆಳೆದ ಹಕ್ಕಿಗಳನ್ನು ಹೊರಗೆ ಬಿಟ್ಟರು. ಆದರೆ ಬಿಡುವ ಜಾಗದ ಸುತ್ತ 100 ಕಿಲೋಮೀಟರ್ ವಿಷದ ಔಷಧಿ ಇರಬಾರದು, ಅದನ್ನು ಪರೀಕ್ಷೆ ಮಾಡಲು ಜನ ಗಿರಾಕಿಗಳ ವೇಷದಲ್ಲಿ ಅಂಗಡಿಗೆ ಹೋಗಿ "ದನಕ್ಕೆ ನೋವಿನ ಇಂಜೆಕ್ಷನ್ ಕೊಡಿ" ಅಂತ ಕೇಳುತ್ತಾರೆ. ಶಿವಮೊಗ್ಗದಿಂದ ಅಷ್ಟು ದೂರದ ಸುತ್ತು ಹಾಕಿದರೆ ದಾವಣಗೆರೆ, ಚಿಕ್ಕಮಗಳೂರು, ಹಾವೇರಿ ಎಲ್ಲ ಒಳಗೆ ಬರುತ್ತವೆ. ನೀವೊಬ್ಬರೇ ಸರಿಯಿದ್ದರೆ ಸಾಲದು, ಅಕ್ಕಪಕ್ಕದ ಊರಿನ ಅಂಗಡಿಯವರಿಗೂ ಒಂದು ಫೋನ್ ಹಾಕಿ.

ಈಗ ಕೆಲಸ. ರ‍್ಯಾಕ್ ಪೂರ್ತಿ ಇಳಿಸಿ. ಪಶುಗಳಿಗೆ ಡೈಕ್ಲೋಫಿನಾಕ್ 2006ರಲ್ಲೇ ನಿಂತಿದೆ. ಕೀಟೋಪ್ರೊಫೆನ್, ಅಸೆಕ್ಲೋಫಿನಾಕ್ 2023ರಲ್ಲಿ ಬ್ಯಾನ್ ಆದವು, ಆಮೇಲೆ ನಿಮೆಸುಲೈಡ್. ಅಸೆಕ್ಲೋಫಿನಾಕ್ ದನದ ಮೈಯೊಳಗೆ ಹೋಗಿ ಡೈಕ್ಲೋಫಿನಾಕೇ ಆಗುತ್ತದೆ, ಹಾಗಾಗಿ ಹೆಸರು ಬೇರೆ ಅಂತ ಸುಮ್ನೆ ಬಿಡಬೇಡಿ. ಬ್ರ್ಯಾಂಡ್ ಹೆಸರಲ್ಲ, ಲೇಬಲ್ಲಿನ ಸಣ್ಣ ಅಕ್ಷರ ಓದಿ. ಕಾಂಬಿನೇಷನ್ ಔಷಧಿಗಳಲ್ಲಿ ಇವು ಜಾಸ್ತಿ ಅಡಗಿರುತ್ತವೆ. ಸಿಕ್ಕಿದ್ದನ್ನು ಬೇರೆ ಡಬ್ಬಿಗೆ ಹಾಕಿ ಸ್ಟಾಕಿಸ್ಟ್‌ಗೆ ವಾಪಸ್ ಕಳಿಸಿ. ಅರ್ಧ ರೇಟಿಗೆ ಖಾಲಿ ಮಾಡೋಣ ಅನ್ನುವ ಆಸೆ ಬೇಡ.

ಕಳ್ಳದಾರಿ ಇರುವುದು ಮನುಷ್ಯರಿಗೆ ಮಾರುವ ಡೈಕ್ಲೋಫಿನಾಕ್ ಇಂಜೆಕ್ಷನ್‌ನಲ್ಲಿ. ದೊಡ್ಡ ಸೀಸೆಗಳು ದನಗಳಿಗೇ ಹೋಗುತ್ತಿದ್ದವು ಅಂತ 2015ರಲ್ಲಿ ಸರ್ಕಾರ ಒಂದೇ ಡೋಸಿನ ಸೀಸೆ ಕಡ್ಡಾಯ ಮಾಡಿತು. ಯಾರಾದರೂ ಒಟ್ಟಿಗೆ ಹತ್ತು ಸೀಸೆ ಕೇಳಿದರೆ ಯಾರಿಗೆ ಅಂತ ಕೇಳಿ, ದನಕ್ಕೆ ಅಂದರೆ ಕೊಡಬೇಡಿ.

ಹಾಗಂತ ಬರಿಗೈಲಿ ಕಳಿಸಿದರೆ ಅವರು ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಲ್ವಾ? ಅದಕ್ಕೇ ರಣಹದ್ದಿಗೆ ತೊಂದರೆ ಮಾಡದ ನೋವಿನ ಔಷಧಿ ಮೆಲೊಕ್ಸಿಕಾಮ್ ಸದಾ ಸ್ಟಾಕ್ ಇರಲಿ. ಟಾಲ್ಫೆನಾಮಿಕ್ ಆಸಿಡ್ ಕೂಡ ರಣಹದ್ದಿಗೆ ಅಪಾಯವಿಲ್ಲದ್ದು. "ಡಾಕ್ಟ್ರಿಗೆ ಒಂದು ಮಾತು ಕೇಳಿ ಮಾರಾಯ್ರೇ, ಇದು ಆಗುತ್ತೆ, ಹಕ್ಕಿಗೂ ತೊಂದರೆ ಇಲ್ಲ" ಅನ್ನಿ, ಸಾಕು. ಭಾಷಣ ಬೇಡ, ಕೆಚ್ಚಲು ಬಾವಿನ ಹಸು ಕೊಟ್ಟಿಗೆಯಲ್ಲಿ ನಿಂತಿರುವಾಗ ರಣಹದ್ದಿನ ಕಥೆ ಯಾರಿಗೂ ಬೇಡ. ನಿಮ್ಮ ತಾಲ್ಲೂಕಿನ ಪಶುವೈದ್ಯರಿಗೂ ಈ ಎರಡು ಹೆಸರು ಸ್ಟಾಕ್ ಇದೆ ಅಂತ ತಿಳಿಸಿಡಿ, ಚೀಟಿಯಲ್ಲಿ ಅದೇ ಬರೆಯುತ್ತಾರೆ.

ಈ ಎರಡು ಬಿಟ್ಟು ಬೇರೆ ನೋವಿನ ಔಷಧಿ ಕೊಟ್ಟ ಮೇಲೆ ದನ ಸತ್ತರೆ ಕಾಡಂಚಿಗೆ ಎಸೆಯದೆ ಆಳವಾಗಿ ಹೂಳಲು ಹೇಳಿ. ಬಿಲ್ ಹಿಂದೆ ಇದನ್ನು ಒಂದು ಸಾಲಿನಲ್ಲಿ ಅಚ್ಚು ಹಾಕಿಸಿದರೂ ಆಗುತ್ತದೆ. ಮತ್ತೆ ಔಷಧಿ ಕಂಪನಿಯ ಹೊಸ ರೆಪ್ ಬಂದಾಗಲೆಲ್ಲ ಆರ್ಡರ್ ಬರೆಯುವ ಮೊದಲು ಔಷಧಿಯ ಒಳಗೇನಿದೆ ಅಂತ ಕೇಳಿ, ಸ್ಕೀಮ್ ಎಷ್ಟೇ ಚೆನ್ನಾಗಿರಲಿ.